ಅಂಧೇರಿಯ 1983ರ ಕಮರ್ಷಿಯಲ್ ಬಿಲ್ಡಿಂಗಿಗೆ ಗಾಜಿನ ಮುಖ: ಕೊಟೇಶನ್ ಬಂದಿದೆ, ತಪ್ಪು ಹುಡುಕಿ ಕೊಡಿ

ಗಾಳಾ 304 ಕೇಳಿದ್ದು:

ಅಂಧೇರಿ ಪೂರ್ವ, ಕುರ್ಲಾ ರಸ್ತೆಯ ಪಕ್ಕ. ನೆಲ ಮತ್ತು ಆರು ಮಹಡಿ, 1983ರ ಆರ್‌ಸಿಸಿ ಕಟ್ಟಡ, ಗಾಳಾ ಅಂದರೆ ಆಫೀಸು-ಅಂಗಡಿ ಯೂನಿಟ್ಟುಗಳ ಮಾಲೀಕರೇ ಸೇರಿ ನಡೆಸುವ ಪ್ರಿಮೈಸಸ್ ಸೊಸೈಟಿ. ರಸ್ತೆ ಕಡೆಯ ಮುಖ ಪಶ್ಚಿಮಕ್ಕೆ. ಅಗಲ 27 ಮೀಟರ್, ಮಹಡಿಯಿಂದ ಮಹಡಿಗೆ 3.3 ಮೀಟರ್, ಒಟ್ಟು ಎತ್ತರ 23 ಮೀಟರ್ ಚಿಲ್ಲರೆ. ಕಂಬಗಳು 5.4 ಮೀಟರಿಗೊಂದು, ಅಂದರೆ ಐದು ಬೇ (ಎರಡು ಕಂಬಗಳ ನಡುವಿನ ಭಾಗ). ಮುಂದಿನ ತೊಲೆ 230×450 ಮಿ.ಮೀ., ಸ್ಲ್ಯಾಬ್ 115. ಈಗ ಇರುವುದು 230 ಮಿ.ಮೀ. ಇಟ್ಟಿಗೆ ಗೋಡೆ, ಕಬ್ಬಿಣದ ಕಿಟಕಿ, 600 ಮಿ.ಮೀ. ಛಜ್ಜಾ (ಕಿಟಕಿಯ ಮೇಲಿನ ಕಾಂಕ್ರೀಟ್ ಚಾಚು), ಗಾಳಾಕ್ಕೆ ಒಂದೆರಡರಂತೆ ವಿಂಡೋ ಎಸಿ. ಕೆಲವು ಛಜ್ಜಾಗಳ ಅಡಿಯಲ್ಲಿ ಕಾಂಕ್ರೀಟ್ ಉದುರಿ ಸರಳು ಕಾಣುತ್ತಿದೆ. ನೆಲಮಹಡಿಯಲ್ಲಿ ಒಂದು ಉಡುಪಿ ಹೋಟೆಲು, ಒಂದು ಬ್ಯಾಂಕು. ಮುಂದೆ ರಸ್ತೆ ಸೇರಿ 12 ಮೀಟರಿಗಿಂತ ಹೆಚ್ಚು ಖುಲ್ಲಾ ಜಾಗ ಇದೆ. ಸ್ಪ್ರಿಂಕ್ಲರ್ ಇಲ್ಲ.

ಕಮಿಟಿಗೆ ಮೇಲಿನ ಆರು ಮಹಡಿಗೆ, ಸುಮಾರು 535 ಚದರ ಮೀಟರ್, ಗಾಜು ಹಾಕಿಸಬೇಕೆಂದಿದೆ. ಬಂದ ಕೊಟೇಶನ್ನಿನ ಸಾರಾಂಶ ಇಷ್ಟು. ಗೋಡೆ ಒಡೆಯುವುದಿಲ್ಲ, ಅದರ ಮೇಲೇ ಫ್ರೇಮ್. 10 ಮಿ.ಮೀ. ಫಾಸ್ಟನರಿನಿಂದ ಇಟ್ಟಿಗೆಗೆ ಬಿಗಿತ. 50×100×2.5 ಅಲ್ಯುಮಿನಿಯಂ ಬಾಕ್ಸ್, 1.35 ಮೀಟರಿಗೊಂದು. 6 ಮಿ.ಮೀ. ರಿಫ್ಲೆಕ್ಟಿವ್ ಟಫನ್ಡ್ (ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ) ಗಾಜು, ಸೈಟಿನಲ್ಲೇ ನಾಲ್ಕೂ ಬದಿ ಸಿಲಿಕಾನ್. ತೊಲೆಯ ಪಟ್ಟಿಗಳಿಗೆ 4 ಮಿ.ಮೀ. ಎಸಿಪಿ (ಎರಡು ಅಲ್ಯುಮಿನಿಯಂ ಹಾಳೆಗಳ ನಡುವೆ ಬೇರೆ ವಸ್ತು ತುಂಬಿದ ಪ್ಯಾನೆಲ್). ಅವಧಿ ನಾಲ್ಕು ತಿಂಗಳು, ಫೆಬ್ರವರಿಯಲ್ಲಿ ಶುರು.

ಗೋಡೆ ಉಳಿಸಿ ಗಾಜು ಹೊದಿಸಬಹುದೇ? ಸಿಂಗಲ್ ಗಾಜು ಸಾಕೇ? ಅಗ್ನಿಶಾಮಕದವರು ಏನು ಕೇಳುತ್ತಾರೆ? ಮಳೆಗೆ ಸೋರದಂತೆ ಕಾಂಟ್ರ್ಯಾಕ್ಟಿನಲ್ಲಿ ಏನು ಬರೆಸಬೇಕು? ಬಾಡಿಗೆದಾರರನ್ನು ಎಬ್ಬಿಸದೆ ಕೆಲಸ ಮುಗಿಯಬೇಕು, ಅದು ಸಾಧ್ಯವೇ?

ಮುಖವಾಡ (ಪುಣೆ):

ಇಟ್ಟಿಗೆಗೆ ಬಿಗಿತ ಎಂಬ ಸಾಲನ್ನು ಹೊಡೆದುಹಾಕಿ. ಉಳಿದದ್ದನ್ನೆಲ್ಲ ತಿದ್ದಬಹುದು, ಇದನ್ನಲ್ಲ. ಕಮಿಟಿಗಳು ಗಾಜಿನ ಬಣ್ಣದ ಮೇಲೆ ಮೂರು ಮೀಟಿಂಗ್ ಮಾಡುತ್ತವೆ, ಅದು ಯಾವುದಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ.

ಗಾಜಿನಲ್ಲಿ ಹೆದರಬೇಕಾದ್ದು ತೂಕಕ್ಕಲ್ಲ, ಗಾಳಿಯ ಎಳೆತಕ್ಕೆ. ಗಾಳಿಭಾರದ ಭಾರತೀಯ ಮಾನಕ ಐಎಸ್ 875 ಭಾಗ 3ರ ಪ್ರಕಾರ ಮುಂಬೈಗೆ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್. ಪುಣೆಗೆ 39. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ: 44ಕ್ಕೆ ಸುಮಾರು 1,160 ಪಾಸ್ಕಲ್. ಎತ್ತರ, ಪರಿಸರದ ಗುಣಕಗಳನ್ನು ಸದ್ಯಕ್ಕೆ 1 ಅಂದುಕೊಳ್ಳಿ. ಕಟ್ಟಡದ ಮೂಲೆಗಳಲ್ಲಿ ಗಾಳಿ ತಿರುಗುವಾಗ ಹೊರಗಿಂದ ಹೀರುವ ಗುಣಕ 1.2, ಒಳಗಿಂದ ತಳ್ಳುವುದು 0.2, ಒಟ್ಟು 1.4. ಅಂದರೆ 1.6 ಕಿಲೋಪಾಸ್ಕಲ್. ಪ್ರತಿ ಚದರ ಮೀಟರ್ ಗಾಜನ್ನು 160 ಕೆ.ಜಿ. ಬಲದಿಂದ ಹೊರಕ್ಕೆ ಎಳೆದಂತೆ. ಗಾಜಿನ ಸ್ವಂತ ತೂಕ ದಪ್ಪದ ಪ್ರತಿ ಮಿ.ಮೀ.ಗೆ 2.5 ಕೆ.ಜಿ., 6+6ರ ಡಬಲ್ ಗಾಜಿಗೆ ಬರೀ 30. ನಲವತ್ತು ಮಳೆ ಕಂಡ ಇಟ್ಟಿಗೆಯ ಸಂದಿನಲ್ಲಿ ಹೊಡೆದ ಫಾಸ್ಟನರ್ ಈ ಎಳೆತಕ್ಕೆ ಆಗಿಬರುವುದಿಲ್ಲ.

ಈಗ ಅದೇ 1.6ನ್ನು ಅವರ 50×100×2.5 ಬಾಕ್ಸಿನ ಮೇಲೆ ಹಾಕಿ. 1.35 ಮೀಟರ್ ಅಂತರಕ್ಕೆ ಪ್ರತಿ ಮೀಟರ್ ಉದ್ದದ ಮೇಲೆ 2.16 ಕಿಲೋನ್ಯೂಟನ್, ಸ್ಪ್ಯಾನ್ 3.3 ಮೀಟರ್. ಬಾಗುವಿಕೆಯ ಮಿತಿ ಸ್ಪ್ಯಾನಿನ 175ನೇ ಒಂದು ಭಾಗ, ಇಲ್ಲಿ 19 ಮಿ.ಮೀ. ಅದಕ್ಕೆ ಬೇಕಾದ ಜಡತ್ವ (ಬಾಗದಂತೆ ತಡೆಯುವ ಆಕಾರದ ಗುಣ) ಸುಮಾರು 250 ಘಟಕ, ಅಂದರೆ ಸೆಂಟಿಮೀಟರಿನ ನಾಲ್ಕನೇ ಘಾತ. ಅವರ ಬಾಕ್ಸಿನದು 95. ಗಾಳಿ ಬಂದಾಗ 50 ಮಿ.ಮೀ. ಬಾಗುತ್ತದೆ. ಅಲ್ಯುಮಿನಿಯಂ ಮುರಿಯುವುದಿಲ್ಲ, ಆದರೆ ಸಿಲಿಕಾನ್ ಅಂಚಿನಲ್ಲಿ ಬಿಡುತ್ತದೆ, ನೀರು ಒಳಬರುತ್ತದೆ. 60×140×3 ಬಾಕ್ಸಿನ ಜಡತ್ವ 289, ಅದು ಕೂರುತ್ತದೆ. ಕಾಂಟ್ರ್ಯಾಕ್ಟರಿಗೆ ಈ ಒಂದು ಲೆಕ್ಕ ಕೇಳಿ ನೋಡಿ. ಕೊಡಲು ತಡವರಿಸಿದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಗೋಡೆಯ ಮುಂದೆ ಗಾಜು ಹೊದಿಸಿದರೆ ನಡುವೆ 150-200 ಮಿ.ಮೀ. ಸಂದು ಉಳಿಯುತ್ತದೆ. ಒಮ್ಮೆ ಮುಚ್ಚಿದರೆ ಅಲ್ಲಿಗೆ ಕೈ ಹೋಗುವುದಿಲ್ಲ. ಸಂಜೆಯ ಬಿಸಿಲಿಗೆ ಕಾದು ಬೆಚ್ಚಗಿರುತ್ತದೆ, ಮಳೆಗಾಲದಲ್ಲಿ ಗೋಡೆಯ ತೇವ ಅಲ್ಲೇ ಕೂರುತ್ತದೆ, ಬೂಸ್ಟು ಹಿಡಿಯುತ್ತದೆ. ಮೇಲ್ತುದಿಯಲ್ಲಿ ಒಂದು ಗೇಣು ಬಾಯಿ ಬಿಟ್ಟರೂ ಪಾರಿವಾಳಗಳು ಸಂಸಾರ ಹೂಡುತ್ತವೆ. ಬೆಂಕಿಯ ಮಾತು ಬೇರೆ, ಅದನ್ನು ಬಲ್ಲವರು ಹೇಳಲಿ. ನನ್ನ ಮತ: ಗೋಡೆ ತೆಗೆಯಿರಿ, ತೊಲೆಯ ಮುಖಕ್ಕೆ ಬ್ರ್ಯಾಕೆಟ್ ಹಾಕಿ ಹೊಸ ಕರ್ಟನ್ ವಾಲ್, ಅಂದರೆ ಕಟ್ಟಡದ ಭಾರ ಹೊರದ ಗಾಜು-ಫ್ರೇಮಿನ ಹೊರಗೋಡೆ, ನಿಲ್ಲಿಸಿ.

ಗಾಜಿನ ವಿಷಯ. 6 ಮಿ.ಮೀ. ರಿಫ್ಲೆಕ್ಟಿವ್ ಸಿಂಗಲ್ ಗಾಜಿನ ಸೌರತಾಪ ಗುಣಾಂಕ, ಅಂದರೆ ಎಸ್‌ಎಚ್‌ಜಿಸಿ, 0.45ರ ಸುತ್ತ ಎಂದಿಟ್ಟುಕೊಳ್ಳಿ. ಕಟ್ಟಡಗಳ ಇಂಧನ ಉಳಿತಾಯದ ಕೋಡ್ ಇಸಿಬಿಸಿ 2017 ಮುಂಬೈಯಂಥ ಸೆಖೆಯ ಊರಿಗೆ ಉತ್ತರ ಬಿಟ್ಟು ಉಳಿದ ದಿಕ್ಕುಗಳಲ್ಲಿ ಗರಿಷ್ಠ 0.27 ಎನ್ನುತ್ತದೆ, ಯು-ವ್ಯಾಲ್ಯೂ, ಅಂದರೆ ಗಾಜಿನ ಮೂಲಕ ಬಿಸಿ ದಾಟುವ ದರ, 3.0 ಮೀರಬಾರದು. ಸಿಂಗಲ್ ಗಾಜಿನ ಯು 5ಕ್ಕಿಂತ ಮೇಲೇ ಇರುತ್ತದೆ. ಸಂಜೆ ನಾಲ್ಕರ ಪಶ್ಚಿಮದ ಬಿಸಿಲು ಚದರ ಮೀಟರಿಗೆ 600 ವ್ಯಾಟ್ ಎಂದು ಹಿಡಿದರೆ 0.45ಕ್ಕೂ 0.25ಕ್ಕೂ ನಡುವಿನ ವ್ಯತ್ಯಾಸ 120 ವ್ಯಾಟ್. ನೂರು ಚದರ ಮೀಟರ್ ಗಾಜಿಗೆ 12 ಕಿಲೋವ್ಯಾಟ್, ಸುಮಾರು ಮೂರೂವರೆ ಟನ್ ಎಸಿ. ಈ ಬಿಲ್ಲು ಗಾಳಾದವರ ಮೀಟರಿನಲ್ಲಿ ಬರುತ್ತದೆ, ಸೊಸೈಟಿಯ ಮೀಟರಿನಲ್ಲಿ ಅಲ್ಲ. ಅದಕ್ಕೇ ಕಮಿಟಿಗೆ ಕಾಣುವುದಿಲ್ಲ. 24 ಮಿ.ಮೀ. ಡಬಲ್ ಗ್ಲೇಜಿಂಗ್ ಹಾಕಿ: ಹೊರಗೆ 6, ನಡುವೆ 12 ಗಾಳಿ, ಒಳಗೆ 6. ಬಿಸಿ ತಡೆಯುವ ಲೋ-ಇ ಕೋಟಿಂಗ್ ಹೊರಗಾಜಿನ ಒಳಮೈಯಲ್ಲಿರಲಿ, ಅದನ್ನೇ ಎರಡನೇ ಮೈ ಅನ್ನುವುದು. ಆರ್ಗಾನ್ ಅನಿಲ ಬೇಡ, ನಮ್ಮ ಹವೆಗೆ ಅದರ ದುಡ್ಡು ವಾಪಸ್ ಬರುವುದಿಲ್ಲ.

ಇಡೀ ಮುಖ ಪಾರದರ್ಶಕವಾಗಬೇಕಿಲ್ಲ. ಅದೇ ಕೋಡ್ ಹೊರಗೋಡೆಯ 40 ಶೇಕಡಾ ಮೀರಿ ಕಿಟಕಿ ಬೇಡ ಎನ್ನುತ್ತದೆ. ಅದು ಇಡೀ ಕಟ್ಟಡದ ಲೆಕ್ಕವಾದರೂ ಪಶ್ಚಿಮ ಮುಖಕ್ಕೂ ಅದನ್ನೇ ಲಕ್ಷ್ಮಣರೇಖೆ ಮಾಡಿಕೊಳ್ಳಿ. ನೆಲದಿಂದ 900ರಿಂದ 2,200ರವರೆಗೆ ಕಾಣುವ ಗಾಜು, ಅಂದರೆ 3,300ರಲ್ಲಿ 1,300. ಉಳಿದ ಪಟ್ಟಿಗೆ ಸ್ಪ್ಯಾಂಡ್ರೆಲ್: ಹೊರಗೆ ಅದೇ ಬಣ್ಣದ ಗಾಜು, ಹಿಂದೆ 50 ಮಿ.ಮೀ. ಗಾಳಿಯ ಸಂದು, 50-75 ಮಿ.ಮೀ. ರಾಕ್‌ವುಲ್ (ಸುಡದ ಕಲ್ಲುಣ್ಣೆ), ಅದರ ಬೆನ್ನಿಗೆ ಗ್ಯಾಲ್ವನೈಸ್ಡ್ ತಗಡು. ರಸ್ತೆಯಿಂದ ನೋಡುವವರಿಗೆ ಪೂರಾ ಗಾಜೇ. ಸ್ಪ್ಯಾಂಡ್ರೆಲ್ ಗಾಜಿನ ಹಿಂದೆ ಬಿಸಿ ಹೋಗಲು ದಾರಿಯಿಲ್ಲ, ಅನೀಲ್ಡ್ (ಸಾದಾ) ಗಾಜು ಹಾಕಿದರೆ ಅಂಚಿನಿಂದ ಸೀಳುತ್ತದೆ. ಅಲ್ಲಿ ಹೀಟ್ ಸ್ಟ್ರೆಂಥನ್ಡ್ ಅಥವಾ ಟಫನ್ಡ್ ಕಡ್ಡಾಯ.

ಟಫನ್ಡ್ ಹಾಕುವುದಾದರೆ ಹೀಟ್ ಸೋಕ್ ಟೆಸ್ಟ್ ಬರೆಸಿ. ಗಾಜಿನೊಳಗೆ ಉಳಿದ ನಿಕಲ್ ಸಲ್ಫೈಡ್ ಕಣ ವರ್ಷಗಳ ನಂತರ ಹಿಗ್ಗಿ, ಯಾರೂ ಮುಟ್ಟದೆಯೂ ಗಾಜು ಸಿಡಿಯುತ್ತದೆ. ಕೆಳಗೆ ಫುಟ್‌ಪಾತ್, ಹೋಟೆಲಿನ ಬಾಗಿಲು. ಯುರೋಪಿನ ಮಾನಕ ಇಎನ್ 14179ರಂತೆ 260 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಹೆಚ್ಚಿನ ಕೆಟ್ಟ ಗಾಜುಗಳು ಫ್ಯಾಕ್ಟರಿಯಲ್ಲೇ ಒಡೆಯುತ್ತವೆ. ಭಟ್ಟಿಯ ತಾಪಮಾನದ ಗ್ರಾಫ್ ಬ್ಯಾಚ್‌ವಾರು ಕೇಳಿ. ಬರೀ ಸರ್ಟಿಫಿಕೇಟ್ ಕಾಗದ ಸಾಲದು.

ಕಂಬ ತೊಲೆ:

ಮೇಲಿನವರ ಮಾತು ಸರಿ, ಆದರೆ "ಗೋಡೆ ತೆಗೆಯಿರಿ" ಎನ್ನುವುದು ಅಷ್ಟು ಹಗುರವಲ್ಲ. ಭಾರದ ದೃಷ್ಟಿಯಿಂದ ಲಾಭವೇ. ಪ್ಲಾಸ್ಟರ್ ಸೇರಿ 230ರ ಗೋಡೆ ಚದರ ಮೀಟರಿಗೆ ಸುಮಾರು 500 ಕೆ.ಜಿ., ಕರ್ಟನ್ ವಾಲ್ 50ರ ಆಸುಪಾಸು. ಆದರೆ ಚೌಕಟ್ಟಿನೊಳಗಿನ ಇಟ್ಟಿಗೆ ಭೂಕಂಪದಲ್ಲಿ ಅಡ್ಡಬಲವನ್ನೂ ಹೊರುತ್ತದೆ, ಡ್ರಾಯಿಂಗಿನಲ್ಲಿ ಬರೆದಿರಲಿ ಬಿಡಲಿ. ಮುಂಬೈ ಮೂರನೇ ವಲಯ. ಮುಂದಿನ ಗೋಡೆ ಪೂರಾ ತೆಗೆದು ಹಿಂದಿನದು ಹಾಗೇ ಬಿಟ್ಟರೆ ಹಿಂಬದಿ ಗಟ್ಟಿ, ಮುಂಬದಿ ಸಡಿಲ. ಅಲುಗಾಡಿದಾಗ ಕಟ್ಟಡ ತಿರುಚುತ್ತದೆ. ನೆಲಮಹಡಿಯಲ್ಲಿ ಹೋಟೆಲು, ಬ್ಯಾಂಕಿಗಾಗಿ ಮುಂಭಾಗ ಈಗಾಗಲೇ ಖಾಲಿ. ಹಾಗಾಗಿ ತೆಗೆಯುವ ಮುನ್ನ ಇಡೀ ಕಟ್ಟಡದ ಮಾಡೆಲ್ ಓಡಿಸಿ, ಮುಂದಿನ ಕಂಬಗಳಿಗೆ ಜಾಕೆಟಿಂಗ್ (ಸುತ್ತ ಹೊಸ ಕಾಂಕ್ರೀಟ್ ಹೊದಿಕೆ) ಬೇಕೇ ಎಂದು ನಿರ್ಧರಿಸಿ. ಒಳಗೆ 900ರವರೆಗೆ ಅರ್ಧ ಗೋಡೆ ಉಳಿಸೋಣ ಎಂದು ಯಾರಾದರೂ ಹೇಳಿದರೆ ಅದನ್ನು ಕಂಬಕ್ಕೆ ಒತ್ತಿ ಬಿಡಬೇಡಿ. ಅರ್ಧ ಗೋಡೆ ಕಂಬವನ್ನು ಗಿಡ್ಡ ಮಾಡುತ್ತದೆ, ಗಿಡ್ಡ ಕಂಬ ಮೊದಲು ಸೀಳುತ್ತದೆ. ಎರಡೂ ಕಡೆ 20 ಮಿ.ಮೀ. ಸಂದು ಬಿಟ್ಟು ಮೆತ್ತನೆ ಫಿಲ್ಲರ್ ತುಂಬಿ.

ಕಾಗದದ ಕೆಲಸ ಚುಟುಕಾಗಿ. 30 ವರ್ಷ ದಾಟಿದ ಕಟ್ಟಡಕ್ಕೆ ಮುಂಬೈ ಮಹಾನಗರಪಾಲಿಕೆ ಕಾಯ್ದೆಯ 353ಬಿ ಕಲಮಿನಡಿ ಸ್ಟ್ರಕ್ಚರಲ್ ಆಡಿಟ್ ಆಗಲೇಬೇಕು, ಅದಿಲ್ಲದೆ ಉಳಿದ ಮಾತೇ ಇಲ್ಲ. ಬದಲಾವಣೆಗೆ 342ರ ನೋಟಿಸ್ ಆರ್ಕಿಟೆಕ್ಟ್ ಮೂಲಕ ಹೋಗಲಿ. ಹೊಸ ಮುಖ ಹಳೆ ಗೋಡೆಗಿಂತ ಎಷ್ಟು ಮುಂದೆ ಬರುತ್ತದೆ ಎಂದು ಡ್ರಾಯಿಂಗಿನಲ್ಲಿ ತೋರಿಸಿ. ಛಜ್ಜಾದ ಹೊರಅಂಚಿಗೆ ಗಾಜು ಹಾಕಿ 600 ಮಿ.ಮೀ. ಒಳಗೆ ಸೇರಿಸಿಕೊಳ್ಳುವ ಆಸೆ ಎಲ್ಲ ಗಾಳಾದವರಿಗೂ ಇರುತ್ತದೆ. ಅದು ಎಫ್‌ಎಸ್‌ಐಗೆ (ಜಾಗದ ಮೇಲೆ ಕಟ್ಟಬಹುದಾದ ವಿಸ್ತೀರ್ಣದ ಮಿತಿಗೆ) ಎಣಿಕೆಯಾಗುತ್ತದೆ, ಮೇಲಾಗಿ ಛಜ್ಜಾ ಜನ ನಿಲ್ಲಲು ಮಾಡಿದ್ದಲ್ಲ.

ಆಡಿಟ್ ಎಂದರೆ ಸುತ್ತಿಗೆ ಬಡಿದು ಫೋಟೋ ತೆಗೆಯುವುದಲ್ಲ. ನಿಮಗೆ ಮುಖ್ಯವಾದದ್ದು ಮುಂದಿನ ತೊಲೆಗಳ ಹೊರಮೈ. ಕವರ್ ಮೀಟರಿನಿಂದ ಸರಳು ಎಲ್ಲಿದೆ, ಮೇಲೆ ಎಷ್ಟು ಕಾಂಕ್ರೀಟ್ ಇದೆ ಎಂದು ನೋಡಬೇಕು. ಹೊಸದಾಗಿ ಒಡೆದ ಮೈಗೆ ಫಿನಾಫ್ಥಲೀನ್ ಸಿಂಪಡಿಸಿದರೆ ಚೆನ್ನಾಗಿರುವ ಕಾಂಕ್ರೀಟ್ ಗುಲಾಬಿಯಾಗುತ್ತದೆ. ಬಣ್ಣ ಬಾರದ ಪದರ ಸರಳನ್ನು ದಾಟಿ ಒಳಗೆ ಹೋಗಿದ್ದರೆ ಅಲ್ಲಿನ ರಕ್ಷಣೆ ಮುಗಿದಿದೆ. ಹಾಫ್ ಸೆಲ್ ರೀಡಿಂಗ್ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಇಳಿದರೆ ತುಕ್ಕು ನಡೆಯುತ್ತಿದೆ ಎಂದೇ ತಿಳಿಯಿರಿ. ಇಂಥ ಕಡೆ ಸರಳಿನ ಹಿಂದೆ 20 ಮಿ.ಮೀ.ವರೆಗೆ ಒಡೆದು, ತುಕ್ಕು ಕೆರೆದು, ಝಿಂಕ್ ಪ್ರೈಮರ್ ಹಚ್ಚಿ, ತೆಳುವಾಗಿದ್ದರೆ ಪಾಲಿಮರ್ ಮಾರ್ಟರ್, ಆಳವಾಗಿದ್ದರೆ ಶಟರಿಂಗ್ ಕಟ್ಟಿ ಮೈಕ್ರೋಕಾಂಕ್ರೀಟ್. ಆಂಕರಿನ ಮಾತು ಇದಾದ ಮೇಲೆ.

ಎಷ್ಟು ಆಂಕರ್? 1.35ಕ್ಕೊಂದರಂತೆ 21 ಲಂಬ ಸಾಲು, ಮೊದಲ ಮಹಡಿಯ ಸ್ಲ್ಯಾಬಿನಿಂದ ಟೆರೇಸಿನವರೆಗೆ 7 ಮಟ್ಟ, ಒಟ್ಟು 147 ಬ್ರ್ಯಾಕೆಟ್. ಒಂದರ ಮೇಲೆ ಗಾಳಿಯ ಎಳೆತ 1.6×1.35×3.3, ಸುಮಾರು 7 ಕಿಲೋನ್ಯೂಟನ್. ತೂಕ 220 ಕೆ.ಜಿ. ಚಿಲ್ಲರೆ. ಬ್ರ್ಯಾಕೆಟಿಗೆ ಎರಡರಂತೆ 12 ಮಿ.ಮೀ. ಕೆಮಿಕಲ್ ಆಂಕರ್ (ತೂತಿನಲ್ಲಿ ರಾಸಾಯನಿಕ ಅಂಟಿನಿಂದ ಕೂರಿಸುವ ಬೋಲ್ಟು), ಒಟ್ಟು 294. ಇದರ ಹೂತಾಳ 110 ಮಿ.ಮೀ. ನಿಮ್ಮ ಸ್ಲ್ಯಾಬ್ 115. ಮೇಲಿನಿಂದ ಕೊರೆದರೆ ಡ್ರಿಲ್ ಕೆಳಗಿನವರ ಫಾಲ್ಸ್ ಸೀಲಿಂಗಿಗೆ ಇಳಿಯುತ್ತದೆ. ಹಾಗಾಗಿ ತೊಲೆಯ ಪಕ್ಕದ ಮುಖಕ್ಕೇ, ಮೇಲಂಚು ಕೆಳಂಚಿನಿಂದ ಕನಿಷ್ಠ 100 ಮಿ.ಮೀ. ದೂರದಲ್ಲಿ. ತೂತು 14 ಮಿ.ಮೀ. ಊದಿ, ಬ್ರಷ್ ಹಾಕಿ, ಮತ್ತೆ ಊದಿ. ಇದನ್ನು ಎರಡು ಸಲ. ಆಂಕರ್ ಕಿತ್ತುಬರುವುದು ಹೆಚ್ಚಾಗಿ ಕೆಮಿಕಲ್ಲಿನ ತಪ್ಪಿನಿಂದಲ್ಲ, ತೂತಿನಲ್ಲಿ ಉಳಿದ ಧೂಳಿನಿಂದ. ಪ್ರತಿ ಮಟ್ಟದಲ್ಲಿ ಮೂರನ್ನಾದರೂ ನಿಮ್ಮ ಇಂಜಿನಿಯರ್ ಆರಿಸಿ ಒಂದೂವರೆ ಪಟ್ಟು ಭಾರಕ್ಕೆ ಎಳೆಸಿ ನೋಡಲಿ. ಆರಿಸುವ ಹಕ್ಕು ಕಾಂಟ್ರ್ಯಾಕ್ಟರಿಗೆ ಕೊಡಬೇಡಿ.

ಛಜ್ಜಾವನ್ನು ಬ್ರೇಕರಿನಿಂದ ಒಡೆಯಬೇಡಿ, ಸರಳು ಜಗ್ಗಿ ತೊಲೆಯ ಕವರ್ ಹಾರುತ್ತದೆ. ಕೆಳಗೆ ಆಧಾರ ಕೊಟ್ಟು ಡೈಮಂಡ್ ಕಟರಿನಿಂದ ತುಂಡುತುಂಡಾಗಿ ಕೊಯ್ಯಿಸಿ. ಕೊಯ್ದ ಸರಳಿನ ತುದಿಯನ್ನು 20 ಮಿ.ಮೀ. ಒಳಕ್ಕೆ ತೆಗೆದು ಮಾರ್ಟರ್ ಮುಚ್ಚಿ. ಹಾಗೇ ಬಿಟ್ಟರೆ ಗಾಜಿನ ಹಿಂದೆ ಕೂತು ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ.

ಆಗ್ನೇಯ:

ಫೈರ್ ವಿಷಯಕ್ಕಷ್ಟೇ ಬರುತ್ತೇನೆ. 15 ಮೀಟರ್ ದಾಟಿದ್ದರಿಂದ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ಲೆಕ್ಕದಲ್ಲಿ ನಿಮ್ಮದು ಹೈರೈಸ್. ಭಾಗ 4ರಲ್ಲಿ ಗಾಜಿನ ಮುಖಕ್ಕೆ ಬೇರೆಯೇ ನಿಯಮವಿದೆ. ಪೂರ್ತಿ ಸ್ಪ್ರಿಂಕ್ಲರ್ ಇದ್ದು, ಎದುರಿಗೆ 9 ಮೀಟರ್ ಅಥವಾ ಹೆಚ್ಚು ಅಂತರವಿದ್ದರೆ ದಹಿಸದ ಚೌಕಟ್ಟಿನಲ್ಲಿ ಟಫನ್ಡ್ ಗಾಜು ನಡೆಯುತ್ತದೆ, ಸ್ಪ್ರಿಂಕ್ಲರ್ ಗಾಜಿನಿಂದ 600 ಮಿ.ಮೀ. ಒಳಗಿದ್ದು ಗಾಜಿಗೆ ಪೂರ್ತಿ ನೀರು ಬೀಳಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಗಾಜಿಗೇ ಫೈರ್ ರೇಟಿಂಗ್ ಬೇಕು, ಆ ಗಾಜಿನ ಬೆಲೆ ಕೇಳಿದರೆ ಕಮಿಟಿ ಯೋಜನೆಯನ್ನೇ ಕೈಬಿಡುತ್ತದೆ. ಅಂತರ ನಿಮಗಿದೆ, ಸ್ಪ್ರಿಂಕ್ಲರ್ ಇಲ್ಲ. ಅದನ್ನು ಗಾಜಿನ ಬಜೆಟ್ಟಿನೊಳಗೇ ಸೇರಿಸಿಕೊಳ್ಳಿ. ಟ್ಯಾಂಕ್, ಪಂಪ್, ರೈಸರಿಗೆ ಜಾಗ ಹುಡುಕುವುದರಲ್ಲೇ ತಿಂಗಳು ಹೋಗುತ್ತದೆ.

ಎರಡನೆಯದು ಸ್ಲ್ಯಾಬಿನ ಅಂಚು. ಕರ್ಟನ್ ವಾಲ್ ತೊಲೆಯಿಂದ ಸ್ವಲ್ಪ ಮುಂದೆ ನಿಲ್ಲುತ್ತದೆ, ನಡುವಿನ ಸಂದು ಆರೂ ಮಹಡಿಗೆ ಒಂದೇ ಚಿಮಣಿ. ಪ್ರತಿ ಮಟ್ಟದಲ್ಲೂ ಅದನ್ನು ಸ್ಲ್ಯಾಬಿನಷ್ಟೇ ಫೈರ್ ರೇಟಿಂಗಿನ ವಸ್ತುವಿನಿಂದ ಮುಚ್ಚಬೇಕೆಂದು ಕೋಡ್ ಹೇಳುತ್ತದೆ. ಮಾಡುವ ರೀತಿ: ಗ್ಯಾಲ್ವನೈಸ್ಡ್ ಕ್ಲಿಪ್ಪಿನ ಮೇಲೆ ರಾಕ್‌ವುಲ್ ಒತ್ತಿ ತುರುಕುವುದು, ಅದರ ಮೇಲೆ ಹೊಗೆ ತಡೆಯುವ ಸೀಲಂಟ್ ಸ್ಪ್ರೇ, ಎರಡೂ ಅಂಚಿಗೆ ಹತ್ತುವಂತೆ. ಉಣ್ಣೆಯನ್ನು ಸಂದಿನ ಅಳತೆಗೇ ಕತ್ತರಿಸಿ ಇಟ್ಟರೆ ಒಂದೆರಡು ವರ್ಷದಲ್ಲಿ ಕುಸಿದು ಬೀಳುತ್ತದೆ. ಸಂದಿಗಿಂತ ಕಾಲುಭಾಗವಾದರೂ ಹೆಚ್ಚು ದಪ್ಪದ್ದನ್ನು ಅದುಮಿ ಕೂರಿಸಬೇಕು. ಪಿಯು ಫೋಮ್ ತುಂಬಿ ಬಣ್ಣ ಬಳಿದು "ಫೈರ್ ಸೀಲ್" ಅನ್ನುವವರಿದ್ದಾರೆ, ಜಿಪ್ಸಮ್ ಮುಚ್ಚುವ ಮೊದಲು ನೀವೇ ಇಣುಕಿ ನೋಡಿ. ಗೋಡೆ ಉಳಿಸಿ ಗಾಜು ಹೊದಿಸುವ ಕೊಟೇಶನ್ನಿನಲ್ಲಿ ಈ ಸೀಲ್ ಹಾಕಲು ಜಾಗವೇ ಇಲ್ಲ.

ಮೂರನೆಯದು ತೆರೆಯುವ ಪ್ಯಾನೆಲ್. ಪ್ರತಿ ಮಹಡಿಯಲ್ಲಿ ಕನಿಷ್ಠ 1,000×1,000 ಮಿ.ಮೀ., ಹೊರಕ್ಕೆ ತೆರೆಯುವಂಥದ್ದು, ನಡುವಿನಿಂದ ನಡುವಿಗೆ 10 ಮೀಟರ್ ಮೀರಬಾರದು, ನೆಲದಿಂದ 1.2-1.5 ಮೀಟರ್ ಎತ್ತರದಲ್ಲಿ ಕೈಗೆ ಸಿಗಬೇಕು. ಒಳಮೈಯಲ್ಲಿ "ಫೈರ್ ಓಪನೇಬಲ್ ಪ್ಯಾನೆಲ್" ಎಚ್ಚರಿಕೆ 25 ಮಿ.ಮೀ. ಅಕ್ಷರದಲ್ಲಿ ಬರೆದಿರಬೇಕು. ಒಂದು, ಮೂರು, ಐದನೇ ಬೇಯ ನಡುವೆ ಒಂದೊಂದು ಹಾಕೋಣ ಎಂದು ಸುಲಭವಾಗಿ ತೋರುತ್ತದೆ. ಆಗ ಅಂತರ 10.8 ಮೀಟರ್, ನಪಾಸು. 27 ಮೀಟರನ್ನು 1.35ರ 20 ಮಾಡ್ಯೂಲ್ ಮಾಡಿದ್ದೀರಲ್ಲ, ಅದರಲ್ಲಿ 2, 7, 14, 19ನೆಯವನ್ನು ಆರಿಸಿ. ದೊಡ್ಡ ಅಂತರ 9.45, ಯಾವುದಕ್ಕೂ ಕಂಬ ಅಡ್ಡ ಬರುವುದಿಲ್ಲ, ನೋಟವೂ ಎಡಬಲ ಸಮ. ಗಾಳಾದೊಳಗೆ ಬಿದ್ದ ಪ್ಯಾನೆಲ್ಲಿನ ಮುಂದೆ ಕಪಾಟು ಇಡಬಾರದೆಂದು ಸೊಸೈಟಿ ಠರಾವು ಮಾಡಿ. ಈ ಪ್ಯಾನೆಲ್ಲುಗಳಿಗೆ ಲ್ಯಾಮಿನೇಟೆಡ್ ಗಾಜು ಬೇಡ, ಹೊರಗಿಂದ ಒಡೆಯಬೇಕಾದಾಗ ಅದು ಬಿರುಕು ಬಿಟ್ಟರೂ ಕಳಚಿ ಬೀಳುವುದಿಲ್ಲ.

2014ರ ಜುಲೈಯಲ್ಲಿ ಅಂಧೇರಿ ಪಶ್ಚಿಮದ ಲೋಟಸ್ ಬಿಸಿನೆಸ್ ಪಾರ್ಕಿನ ಬೆಂಕಿಯಲ್ಲಿ ಅಗ್ನಿಶಾಮಕ ದಳದ ಒಬ್ಬರು ಜೀವ ಕಳೆದುಕೊಂಡರು. ಅದೂ ಗಾಜು ಹೊದ್ದ ಕಟ್ಟಡ. ನಿಮ್ಮ ಕಮಿಟಿಗೆ ತೆರೆಯುವ ಪ್ಯಾನೆಲ್ ಏಕೆ ಬೇಕೆಂದು ವಿವರಿಸಲು ದೂರ ಹೋಗಬೇಕಿಲ್ಲ.

ಎಸಿಪಿ ಬಗ್ಗೆ ಒಂದೇ ಮಾತು: ಅಗ್ಗದ ಎಸಿಪಿಯ ಹೊಟ್ಟೆಯಲ್ಲಿರುವುದು ಪಾಲಿಥಿಲೀನ್, ಬೆಂಕಿಗೆ ಉರಿಯುವ ಪ್ಲಾಸ್ಟಿಕ್. ಸುಲಭಕ್ಕೆ ಉರಿಯದ ಎ2 ಕೋರ್ ಅಥವಾ 3 ಮಿ.ಮೀ. ಗಟ್ಟಿ ಅಲ್ಯುಮಿನಿಯಂ ಹಾಳೆ ಬರೆಸಿ.

ವಸಾಯಿ ವರ್ಕ್‌ಶಾಪ್:

ದೊಡ್ಡವರು ಲೆಕ್ಕ ಹೇಳ್ಯಾರ, ನಾ ಫಿಟ್ಟಿಂಗ್ ಹೇಳ್ತೀನ್ರಿ. ಸೈಟಿನ್ಯಾಗ ನಾಲ್ಕೂ ಬಾಜೂ ಸಿಲಿಕಾನ್ ಹಾಕೋದು ಬ್ಯಾಡ್ರಿ. ಧೂಳು, ಬೆವರಗೈ, ಬಿಸಲು, ಒಂದೂ ಹತೋಟಿ ಇರಂಗಿಲ್ಲ. ಗಾಜನ್ನ ವರ್ಕ್‌ಶಾಪಿನ್ಯಾಗ ಸಬ್‌ಫ್ರೇಮಿಗೆ ಅಂಟಿಸಿ, ಪೂರಾ ಗಟ್ಟಿಯಾದ ಮ್ಯಾಲೆ ಸೈಟಿಗೆ ತಂದು ಕ್ಲಿಪ್ ಹಾಕಬೇಕು. ಒನ್ ಪಾರ್ಟ್ ಸಿಲಿಕಾನಿಗೆ 14ರಿಂದ 21 ದಿನ ಬೇಕು. ಟೂ ಪಾರ್ಟಿಗೆ ಕಡಿಮಿ ಸಾಕು, ಆದ್ರ ಮಷೀನಿನ ಮಿಕ್ಸಿಂಗ್ ದಿನಾ ನೋಡಬೇಕು. ಕಾಗದದ ಮ್ಯಾಲೆ ಒಂದು ಉಂಡಿ ಹಿಂಡ್ರಿ, ಕಾಗದ ಮಡಚಿ ಒತ್ರಿ, ಬಿಡಿಸ್ರಿ. ಪೂರಾ ಒಂದೇ ಕಪ್ಪ ಬಣ್ಣ ಇದ್ರ ಸರಿ. ನಡುವ ಬಿಳಿ ಗೆರಿ ಕಂಡ್ರ ಮಿಕ್ಸ್ ಆಗಿಲ್ಲ, ಅವತ್ತಿನ ಕೆಲಸ ನಿಲ್ಲಸ್ರಿ.

ಸಿಲಿಕಾನ್ ಎಷ್ಟ ಅಗಲ ಕಚ್ಚಬೇಕು? ಗಾಜಿನ ಸಣ್ಣ ಬಾಜೂದ ಅರ್ಧಕ್ಕ ಗಾಳಿ ಒತ್ತಡ ಗುಣಿಸಿ 138ರಿಂದ ಭಾಗ ಹಾಕ್ರಿ. 1,300ರ ಅರ್ಧ 650, ಅದಕ್ಕ 1.6, ಭಾಗಿಸಿದ್ರ ಏಳೂವರಿ ಬರತೈತಿ. 10 ಮಿ.ಮೀ. ಇಡ್ರಿ. ಗಾಜಿನ ತೂಕ ಸಿಲಿಕಾನ್ ಮ್ಯಾಲೆ ಬಿಡಬ್ಯಾಡ್ರಿ, ಕೆಳಗ ಎರಡು ಸೆಟಿಂಗ್ ಬ್ಲಾಕ್ ಇರಬೇಕು, ಮತ್ತ ಡಬಲ್ ಗಾಜಿನ ಎರಡೂ ಗಾಜು ಅದರ ಮ್ಯಾಲೆ ಕೂಡಬೇಕು. ಡಬಲ್ ಗಾಜಿನ ಹೊರಸೀಲ್ ಸುದ್ದಾ ಸ್ಟ್ರಕ್ಚರಲ್ ಸಿಲಿಕಾನೇ ಇರಲಿ. ಪಾಲಿಸಲ್ಫೈಡ್ ಹಾಕಿದ್ದ ಬಂದ್ರ ವಾಪಸ್ ಕಳಸ್ರಿ, ಬಿಸಲಿಗೆ ತಡಿಯಂಗಿಲ್ಲ.

ಪೌಡರ್ ಕೋಟಿಂಗ್ ಮ್ಯಾಲೆ ಸಿಲಿಕಾನ್ ಹಿಡಿತೈತೋ ಇಲ್ಲೋ ಅನ್ನೋದು ಕೋಟಿಂಗ್ ಮ್ಯಾಲೆ ಐತಿ. ನಿಮ್ಮದೇ ಪ್ರೊಫೈಲಿನ ತುಂಡಿನ ಮ್ಯಾಲೆ ಒಂದು ಪಟ್ಟಿ ಎಳೀರಿ, ಗಟ್ಟಿಯಾದ ಮ್ಯಾಲೆ ಒಂದು ತುದಿ ಬಿಡಿಸಿ ಹಿಂದಕ್ಕ ಮಡಚಿ ಜಗ್ರಿ. ಸಿಲಿಕಾನ್ ತಾನ ಹರಿದ್ರ ಪಾಸ್. ಮೆಟಲ್ ಬಿಟ್ಟು ಸ್ವಚ್ಛ ಎದ್ದು ಬಂದ್ರ ಫೇಲ್, ಪ್ರೈಮರ್ ಬದಲ ಮಾಡ್ರಿ ಇಲ್ಲಾ ಸಬ್‌ಫ್ರೇಮಿಗೆ ಆನೋಡೈಸಿಂಗ್ ಮಾಡಸ್ರಿ.

ಹಳೇ ಬಿಲ್ಡಿಂಗ್ ಯಾವುದೂ ನೆಟ್ಟಗ ಇರಂಗಿಲ್ಲ. ಮೊದಲ ಟೆರೇಸಿನಿಂದ ಪಿಯಾನೋ ವೈರ್ ಬಿಟ್ಟು ಇಲ್ಲಾ ಟೋಟಲ್ ಸ್ಟೇಷನ್ನಿಂದ 147 ಜಾಗಾನೂ ಅಳೀರಿ. ಎಲ್ಲಾಕ್ಕಿಂತ ಮುಂದ ಬಂದ ತೊಲಿ ಹಿಡಿದು ಲೈನ್ ಹಾಕಬೇಕು. ಬ್ರ್ಯಾಕೆಟಿನ ಉದ್ದ ತೂತು 25 ಮಿ.ಮೀ. ಅಷ್ಟ ಹಿಂದ ಮುಂದ ಆಗತೈತಿ. ಅದಕ್ಕಿಂತ ಒಳಗಿರೋ ಕಡೆ ಉದ್ದನ ಬ್ರ್ಯಾಕೆಟ್ ಬ್ಯಾರೆ ಮಾಡಸ್ರಿ, ಪ್ಯಾಕಿಂಗ್ ತಗಡು ಒಂದರ ಮ್ಯಾಲೊಂದು ತುರಕಬ್ಯಾಡ್ರಿ. ಕಬ್ಬಿಣದ ಬ್ರ್ಯಾಕೆಟ್ ಇದ್ರ ಹಾಟ್ ಡಿಪ್ ಮಾಡಿದ್ದು, ಅಲ್ಯುಮಿನಿಯಂ ಮುಟ್ಟೋ ಜಾಗಾಕ್ಕ ನೈಲಾನ್ ಪ್ಯಾಡ್, ಬೋಲ್ಟು ಸ್ಟೇನ್‌ಲೆಸ್. ಸಮುದ್ರದ ಗಾಳಿ ಐತಿ, 316 ಗ್ರೇಡ್ ಹಾಕ್ರಿ. ಮುಲಿಯನ್ (ಉದ್ದಕ ನಿಲ್ಲೋ ಅಲ್ಯುಮಿನಿಯಂ ಬಾಕ್ಸ್) ಜೋಡೋ ಕಡೆ 15 ಮಿ.ಮೀ. ಸಂದು ಬಿಡ್ರಿ. 3.3 ಮೀಟರ್ ಅಲ್ಯುಮಿನಿಯಂ 40 ಡಿಗ್ರಿ ಏರಿಳಿತಕ್ಕ ಮೂರು ಮಿ.ಮೀ.ಗಿಂತ ಜಾಸ್ತಿ ಹಿಗ್ಗತೈತಿ, ಮ್ಯಾಲಿಂದ ಸ್ಲ್ಯಾಬ್ ಜಗ್ಗೋದು ಬ್ಯಾರೆ.

ನೀರಿನ ಮಾತು. ಗಾಜಿನಿಂದ ನೀರು ಬರೋದು ಕಡಿಮಿ. ಮುಲಿಯನ್ನು ಅಡ್ಡಪಟ್ಟಿ ಕೂಡೋ ಮೂಲಿ, ಸ್ಕ್ರೂ ತೂತು, ಮತ್ತ ಟೆರೇಸಿನ ಪ್ಯಾರಾಪೆಟ್ ಟೋಪಿ, ಇವು ಮೂರು ಕಳ್ಳರು. ಟೋಪಿ ಟೆರೇಸ್ ಕಡೆ ಇಳಿಜಾರ ಇರಬೇಕು, ಕೆಳಗ ಇಪಿಡಿಎಂ ರಬ್ಬರ್ ಹಾಳಿ. ಅಡ್ಡಪಟ್ಟಿ ಕೆಳಗ ನೀರು ಹೊರಗ ಹೋಗೋ ವೀಪ್ ಹೋಲ್ ಬಿಟ್ಟಿರ್ತಾರ, ಫಿನಿಶಿಂಗ್ ಹುಡುಗ ಬಂದು ಚಂದ ಕಾಣ್ಲಿ ಅಂತ ಅದಕ್ಕೂ ಸಿಲಿಕಾನ್ ಬಡಿತಾನ. ಆಮ್ಯಾಲೆ ಒಳಗಿನ ನೀರು ಗಾಳಾದಾಗ ಇಳೀತೈತಿ. ಇದನ್ನ ಪ್ರತಿ ಪ್ಯಾನೆಲ್ಲಿಗೆ ಬೆರಳು ಹಚ್ಚಿ ನೋಡ್ರಿ.

ಕಾಂಟ್ರ್ಯಾಕ್ಟಿನ್ಯಾಗ ಹೋಸ್ ಟೆಸ್ಟ್ ಬರಸ್ರಿ, ಅಮೆರಿಕದ ಎಎಎಂಎ 501.2 ಮಾನಕದ ಪ್ರಕಾರ. ನಾಝಲ್ ಜೋಡಣಿಯಿಂದ 300 ಮಿ.ಮೀ. ದೂರ, ಒತ್ತಡ 30-35 ಪಿಎಸ್‌ಐ, ಒಂದೂವರಿ ಮೀಟರಿಗೆ 5 ನಿಮಿಷ, ಕೆಳಗಿಂದ ಶುರು ಮಾಡಿ ಮ್ಯಾಲೆ ಹೋಗಬೇಕು. ಮ್ಯಾಲಿಂದ ಮಾಡಿದ್ರ ನೀರು ಎಲ್ಲಿ ಹೊಕ್ಕತು ಗೊತ್ತಾಗಂಗಿಲ್ಲ. ಒಳಗ ಜಿಪ್ಸಮ್ ಹಾಕೋ ಮೊದಲ ಮಾಡಬೇಕು. ಎಲ್ಲಾಕ್ಕಿಂತ ಮೊದಲ ಒಂದು ಬೇ, ಎರಡು ಮಹಡಿ ಸ್ಯಾಂಪಲ್ ನಿಲ್ಲಿಸಿ, ಅದು ಪಾಸಾದ ಮ್ಯಾಲೆ ಉಳಿದ ಅಲ್ಯುಮಿನಿಯಂ ಆರ್ಡರ್ ಕೊಡ್ರಿ.

ಫೆಬ್ರವರಿ ಶುರು ಅಂದ್ರ ಆಗಂಗಿಲ್ರಿ. ಮುಂಬೈಗೆ ಮಳಿ ಬರೋ ತಾರೀಖು ಜೂನ್ 11. ಆಡಿಟ್, ಪರ್ಮಿಶನ್ ಮಳಿಗಾಲದಾಗ ಮುಗಿಸ್ರಿ, ಅಕ್ಟೋಬರ್ ನಡುವ ಪರಾಂಚಿ (ಕೆಲಸಕ್ಕ ನಿಲ್ಲೋ ಅಟ್ಟಣಿಗಿ) ಕಟ್ರಿ. ಡಿಸೆಂಬರ್ ತನಕ ಛಜ್ಜಾ ಕಡಿಯೋದು, ತೊಲಿ ರಿಪೇರಿ, ಜನವರಿಯಿಂದ ಫ್ರೇಮ್. ಮೇ 1ರ ಮ್ಯಾಲೆ ಹೊಸಾ ಬೇ ಬಿಚ್ಚಬ್ಯಾಡ್ರಿ.

ಗಾಳಾ 304:

ಎಲ್ಲರಿಗೂ ಉಪಕಾರವಾಯಿತು. ಕೊಟೇಶನ್ ವಾಪಸ್ ಕಳಿಸುತ್ತಿದ್ದೇವೆ. ಇನ್ನೆರಡು ಸಂದೇಹ. ವಿಂಡೋ ಎಸಿಗಳನ್ನು ತೆಗೆದರೆ ಹೊರಯೂನಿಟ್ ಎಲ್ಲಿ? ಹೋಟೆಲಿನ ಅಡಿಗೆಮನೆಯ ಹೊಗೆನಳಿಕೆ ಈಗ ಮುಂದಿನ ಗೋಡೆಯ ಮೇಲೇ ಹೋಗುತ್ತದೆ, ಅದನ್ನು ಗಾಜಿನ ಹಿಂದೆ ಅಡಗಿಸಬಹುದೆನ್ನುತ್ತಾರೆ. ಬಾಡಿಗೆದಾರರ ಪ್ರಶ್ನೆಗೆ ಉತ್ತರ ಬಂದಿಲ್ಲ.

ಆಗ್ನೇಯ:

ಹೊಗೆನಳಿಕೆ ಗಾಜಿನ ಹಿಂದೆ ಬೇಡವೇ ಬೇಡ. ನಳಿಕೆಯೊಳಗೆ ಎಣ್ಣೆಜಿಡ್ಡು ಕಟ್ಟಿರುತ್ತದೆ, ಹೊತ್ತಿಕೊಂಡರೆ ಆರೂ ಮಹಡಿಯ ಸಂದಿನಲ್ಲಿ ಬೆಂಕಿಯ ಕಂಬ. ಕಟ್ಟಡದ ಹಿಂಬದಿಗೆ ಒಯ್ದು, ಶುಚಿ ಮಾಡಲು ಬಾಗಿಲುಗಳಿಟ್ಟು, ಟೆರೇಸಿನ ಮೇಲಕ್ಕೆ ಬಿಡಿ. ಮುಂದೆಯೇ ಬಿಟ್ಟರೆ ಗಾಜಿನ ಮೇಲೆ ಒಗ್ಗರಣೆಯ ಗೆರೆ ಕೂಡ ಉಳಿಯುತ್ತದೆ.

ಮುಖವಾಡ (ಪುಣೆ):

ಎಸಿ: ಟೆರೇಸಿನಲ್ಲಿ ವಿಆರ್‌ಎಫ್ (ಒಂದೇ ಹೊರಯೂನಿಟ್ಟಿನಿಂದ ಹಲವು ಒಳಯೂನಿಟ್ ನಡೆಸುವ ಎಸಿ) ಯೂನಿಟ್ ಇಡುವುದು ಒಳ್ಳೆಯದು, ಸ್ಲ್ಯಾಬ್ ತಾಳುತ್ತದೆಯೇ ಎಂದು ಅದೇ ಆಡಿಟ್ಟಿನಲ್ಲಿ ನೋಡಿಸಿ. ಆಗದಿದ್ದರೆ ಹಿಂದಿನ ಮುಖದಲ್ಲಿ ಮಹಡಿವಾರು ಲೆಡ್ಜ್. ಮುಂದಿನ ಸ್ಪ್ಯಾಂಡ್ರೆಲ್ಲಿನ ಹಿಂದೆ ಯೂನಿಟ್ ಬಚ್ಚಿಡುವ ಐಡಿಯಾ ಬಂದರೆ ತಳ್ಳಿಹಾಕಿ, ಬಿಸಿಗಾಳಿ ಹೋಗಲು ದಾರಿಯಿಲ್ಲದೆ ಯೂನಿಟ್ ಟ್ರಿಪ್ ಆಗುತ್ತದೆ. ಡ್ರೇನ್ ಪೈಪಿನ ನೀರು ಕರ್ಟನ್ ವಾಲಿನ ಸಂದಿಗೆ ಬೀಳಬಾರದು. ಎಸಿ ಬದಲಾದ ಗಾಳಾದಲ್ಲೇ ಗೋಡೆ ಒಡೆಯಬೇಕು, ಅದಕ್ಕೆ ಮೊದಲು ಅಲ್ಲ. ಈ ಕ್ರಮ ತಪ್ಪಿದರೆ ಬಾಡಿಗೆದಾರ ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತು ಸೊಸೈಟಿಗೆ ನೋಟಿಸ್ ಬರೆಯುತ್ತಾನೆ.

ಜನರನ್ನು ಎಬ್ಬಿಸದೆ ಮಾಡಬಹುದು, ಮಹಡಿವಾರು ಅಲ್ಲ, ಬೇವಾರು. ಒಂದು ಬೇಯನ್ನು ಮೇಲಿನಿಂದ ಕೆಳಕ್ಕೆ ಒಡೆದು, ಕೆಳಗಿನಿಂದ ಮೇಲಕ್ಕೆ ಗಾಜು ಮುಚ್ಚಿ, ಆಮೇಲೆ ಪಕ್ಕದ ಬೇ. ಒಳಗೆ ಗೋಡೆಯಿಂದ 1.2 ಮೀಟರ್ ಬಿಟ್ಟು ಪ್ಲೈವುಡ್ ತಡಿಕೆ, ಎರಡೂ ಮೈಗೆ ಪ್ಲಾಸ್ಟಿಕ್ ಹಾಳೆ, ಟೇಪು. ಕೊಯ್ಯುವುದು, ಕೊರೆಯುವುದು ಬೆಳಿಗ್ಗೆ ಆಫೀಸು ತೆರೆಯುವ ಮುನ್ನ ಅಥವಾ ಭಾನುವಾರ. ಪರಾಂಚಿ ಕಪ್‌ಲಾಕಿನದಿರಲಿ, ಅದರ ಗೋಡೆಗಟ್ಟುಗಳನ್ನು ಬ್ರ್ಯಾಕೆಟ್ ಡ್ರಾಯಿಂಗಿನ ಮೇಲೆಯೇ ಗುರುತಿಸಿ. ಇಲ್ಲದಿದ್ದರೆ ಒಂದು ಗಾಜು ಕೂರಿಸಲು ಒಂದು ಕಟ್ಟು ಬಿಚ್ಚುತ್ತಾ ಹೋಗಿ ಕೊನೆಗೆ ಪರಾಂಚಿ ತಾನೇ ತೂಗುತ್ತದೆ. ಹೋಟೆಲು, ಬ್ಯಾಂಕಿನ ಬಾಗಿಲ ಮೇಲೆ ದಪ್ಪ ಹಲಗೆಯ ಮಂಟಪ ಬೇಕು, ಬಲೆ ಸಾಲದು.

ಕಂಬ ತೊಲೆ:

ಬೇವಾರು ಎನ್ನುವುದಕ್ಕೆ ಒಂದು ತಿದ್ದುಪಡಿ. ಕಂಬದ ಜಾಕೆಟಿಂಗ್ ಬರುವುದಾದರೆ ಅದು ಬೇಯ ಗಡಿಯಲ್ಲೇ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅದನ್ನು ಮುಗಿಸಿಯೇ ಇಟ್ಟಿಗೆ ಮುಟ್ಟಿ. ಜಾಕೆಟಿನಿಂದ ಕಂಬ 100 ಮಿ.ಮೀ. ದಪ್ಪವಾದರೂ ಹೊರಮುಖ ಮುಂದೆ ಬರುತ್ತದೆ, ಗಾಜಿನ ಲೈನೂ ಬದಲಾಗುತ್ತದೆ. ಹಾಗಾಗಿ ಆ ನಿರ್ಧಾರ ಆಗುವ ತನಕ ಫ್ಯಾಬ್ರಿಕೇಶನ್ ಡ್ರಾಯಿಂಗಿಗೆ ಸಹಿ ಹಾಕಬೇಡಿ.

ವಸಾಯಿ ವರ್ಕ್‌ಶಾಪ್:

ಇನ್ನೊಂದು ಬಿಟ್ಟಿತ್ತು. ಗಾಜು ತೊಳಿಯೋಕ ಹಗ್ಗದ ಹುಡುಗ್ರು ಬರ್ತಾರ, ಅವರಿಗೆ ಟೆರೇಸಿನ್ಯಾಗ ಕೊಂಡಿ ಈಗಲೇ ಹಾಕಸ್ರಿ, ಒಂದೊಂದು 12 ಕಿಲೋನ್ಯೂಟನ್ ಎಳೆತ ತಡಿಯೋವು, ತೊಲಿಗೆ ಬಿಗಿದು. ಪ್ಯಾರಾಪೆಟ್ ಇಟ್ಟಂಗಿಗೆ ಹಗ್ಗ ಕಟ್ಟೋದು ಬ್ಯಾಡ. ಮತ್ತ ಹೆಚ್ಚಿನ ಗಾಜು ಅದೇ ಬ್ಯಾಚಿನ್ಯಾಗ ತರಿಸಿ ಇಟ್ಕೋರಿ, ಪ್ರತಿ ಅಳತಿದು ಎರಡರಂಗ. ಆರು ವರ್ಷ ಬಿಟ್ಟು ಒಂದು ಒಡದ್ರ ಅದೇ ಕೋಟಿಂಗಿನ ಬಣ್ಣ ಸಿಗಂಗಿಲ್ಲ, ಪಶ್ಚಿಮದ ಬಿಸಲಿಗೆ ಆ ಒಂದು ಗಾಜು ಬ್ಯಾರೆ ಬಣ್ಣ ಹೊಡೀತೈತಿ. ನಿಲ್ಲಿಸಿ ಇಡ್ರಿ, ಮಲಗಿಸಬ್ಯಾಡ್ರಿ, ನಡುವ ಕಾರ್ಕ್ ತುಂಡು ಹಾಕಿ.